ಒಂದೇ ಹೆಸರು ಬಿಟ್ಟ ಬೈಗುಳ

"ಸಹಿ ಮಾಡು," ಎಂದು ಮಲಕಾಜಪ್ಪನವರು ರಾಜೀನಾಮೆಯ ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. "ನಾಕಕ್ಕ ಸಾಲಿ ಬಿಡತೈತಿ. ಅಷ್ಟರಾಗ ನಿನ್ನಷ್ಟಕ್ಕ ನೀ ಬಿಟ್ಟು ಹೋದರ ನಿನಗೂ ಮರ್ಯಾದಿ, ನಮಗೂ ಮರ್ಯಾದಿ. ಇಲ್ಲಂದ್ರ ಇಲ್ಲಿ ಇನ್ನೊಂದು ಕಾಗದಾ ಐತಿ. ಅದು ಪೊಲೀಸ್ ಠಾಣೆಕ್ಕ ಹೋಗತೈತಿ."

ಸಾಗರ ಪೆನ್ನು ಮುಟ್ಟಲಿಲ್ಲ. "ನಾ ಬರದಿಲ್ರಿ ಸಾವಕಾರ್ರ," ಎಂದ. ಈ ಮಾತನ್ನು ಬೆಳಗಿನಿಂದ ಎಷ್ಟು ಸಲ ಹೇಳಿದ್ದನೋ, ಈಗ ದನಿಯಲ್ಲಿ ಜೀವವೇ ಇರಲಿಲ್ಲ.

"ಮತ್ಯಾರು ಬರದ್ರು? ಕಂಪ್ಯೂಟರ್ ಮಾಸ್ತರ ನೀನು. ಬೈಗುಳ ಹೋಗಿದ್ದು ಸಾಲಿ ಇಂಟರ್ನೆಟ್ ಲೈನಿನಿಂದ. ಎರಡಕ್ಕ ಎರಡು ಕೂಡಿಸಿದ್ರ ನಾಕ ಆಗಬೇಕು, ಐದ ಆಗತೈತೇನು?"

"ಒಮ್ಮೊಮ್ಮೆ ಆಗತೈತ್ರಿ," ಎಂದು ಬಾಗಿಲಿನಿಂದ ಒಂದು ದನಿ ಬಂತು.

ಶೈಲಜಾ ಒಳಗೆ ಬಂದಳು. ಬೈಲಹೊಂಗಲದಿಂದ ರಾಮದುರ್ಗದವರೆಗೆ ತಮ್ಮ ಕಲ್ಮೇಶನ ಹಳೆಯ ಜೀಪಿನಲ್ಲಿ ಕುಲುಕಿಸಿಕೊಂಡು ಬಂದ ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ. ವಯಸ್ಸು ನಲವತ್ತೇಳು. ಬೈಲಹೊಂಗಲದ ಬಜಾರಿನಲ್ಲಿ ಇಪ್ಪತ್ತು ವರ್ಷದಿಂದ ಟೈಪಿಂಗ್ ಕ್ಲಾಸು ನಡೆಸುತ್ತ ಬಂದವಳು, ನಾಲ್ಕು ವರ್ಷದ ಹಿಂದೆ ಅದರ ಪಕ್ಕದಲ್ಲೇ ಸೈಬರ್ ಕೆಫೆ ಇಟ್ಟವಳು. ಸಾಗರ ಅವಳ ಕೈಯಲ್ಲೇ ಕೀಲಿಮಣೆ ಕಲಿತ ಹುಡುಗ. ಬೆಳಿಗ್ಗೆ ಅವನ ಫೋನು ಬಂದ ಮೇಲೆಯೇ ಹೊರಟು ಬಂದಿದ್ದಳು.

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು. ಅಂದರೆ ಸಾಗರನ ಅನ್ನಕ್ಕೆ ಉಳಿದದ್ದು ಒಂದು ತಾಸು, ಮೇಲೆ ಹತ್ತು ನಿಮಿಷ.

"ನೀವ್ಯಾರು?" ಎಂದರು ಮಲಕಾಜಪ್ಪನವರು. ಹೊಸಬೆಳಕು ಪ್ರೌಢಶಾಲೆಯ ಅಧ್ಯಕ್ಷರು ಅವರು. ತಲೆಯ ಮೇಲಿನ ಪಟಕಾ ಎಷ್ಟು ನೆಟ್ಟಗಿತ್ತೋ ಮಾತೂ ಅಷ್ಟೇ ನೆಟ್ಟಗೆ.

"ನೀವು ಎರಡು ಸಲಾ ಫೋನ್ ಮಾಡಿ ಬೈದಿದ್ದು ನನಗ ರೀ," ಎಂದಳು ಶೈಲಜಾ. "ಹರಟೆಕಟ್ಟಿ ಕಾಯಾಕಿ ನಾನ."

ಹರಟೆಕಟ್ಟಿ ಎಂದರೆ ಇಂಟರ್ನೆಟ್ಟಿನ ಒಂದು ಕಟ್ಟೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಂದಿ ಸುಳ್ಳು ಹೆಸರು ಇಟ್ಟುಕೊಂಡು ಬಂದು, ಮಳೆ ಬೆಳೆಯಿಂದ ಹಿಡಿದು ಬೀಗರ ಜಗಳದವರೆಗೆ ಮನಸ್ಸಿಗೆ ತೋಚಿದ್ದು ಬರೆಯುವ ಜಾಗ. ಇಲ್ಲಿ ಯಾರು ಯಾರೆಂದು ಯಾರಿಗೂ ಗೊತ್ತಿಲ್ಲ. ಮುಖ ಕಾಣದಿದ್ದರೆ ನಾಲಿಗೆಗೆ ಮೂಗುದಾರ ಇರುವುದಿಲ್ಲ ನೋಡಿ, ಅದಕ್ಕೇ ಒಬ್ಬರು ಕಾವಲು ಕೂರಬೇಕು. ಯಾರೇ ಬರೆದರೂ ಅದು ಮೊದಲು ಶೈಲಜಾಳ ಪೆಟ್ಟಿಗೆಗೆ ಬಂದು ಬೀಳುತ್ತದೆ. ಒಳ್ಳೆಯದನ್ನು ಹೊರಗೆ ಬಿಡುತ್ತಾಳೆ, ಹೊಲಸನ್ನು ಅಲ್ಲೇ ತಡೆಯುತ್ತಾಳೆ. ಕಟ್ಟೆಯ ಮೇಲೆ ಅವಳ ಹೆಸರು 'ಕಾವಲಿ'.

ಎರಡು ಸಾವಿರದ ಎಂಟನೇ ಇಸವಿ ಹುಟ್ಟಿದಾಗಿನಿಂದ, ಈಗ ಮಾರ್ಚ್ ಮುಗಿಯುತ್ತ ಬಂದರೂ, 'ಚಾಟಿ' ಎಂಬ ಹೆಸರಿನಲ್ಲಿ ಯಾರೋ ಈ ಶಾಲೆಯವರನ್ನು ಹಿಗ್ಗಾಮುಗ್ಗಾ ಬೈದು ಬರೆಯುತ್ತಿದ್ದರು. ಒಟ್ಟು ಅರವತ್ತಮೂರು ಬರಹ. ಐವತ್ತೊಂದನ್ನು ಶೈಲಜಾ ತಡೆದಿದ್ದಳು. ಹನ್ನೆರಡು ಮಾತ್ರ ಹೊರಗೆ ಬಿದ್ದವು. ಫೆಬ್ರುವರಿಯಲ್ಲಿ ಕಿತ್ತೂರಿನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂತೆಂದು ಅವಳು ಓಡಿಹೋಗಿ ಹನ್ನೊಂದು ದಿನ ಅಲ್ಲೇ ಉಳಿದಾಗ ಹೀಗಾಯಿತು. ಆ ದಿನಗಳಲ್ಲಿ ಕಾವಲನ್ನು ಕಲ್ಮೇಶನಿಗೆ ವಹಿಸಿದ್ದಳು. ಪಾಪ, ಅವನಿಗೇನು ತಿಳಿಯುತ್ತದೆ ಎಂದು ಆಮೇಲೆ ತನ್ನನ್ನೇ ಬೈದುಕೊಂಡಿದ್ದಳು.

ಆ ಹನ್ನೆರಡೇ ಸಾಕಾದವು. ಗಂಡನನ್ನು ಬಿಟ್ಟು ಬಂದು ತಾನಾಯಿತು ತನ್ನ ಪಾಠವಾಯಿತು ಎಂದು ಇದ್ದ ಅನ್ನಪೂರ್ಣಾ ಟೀಚರು ಹದಿನೈದು ದಿನದಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ. ಹೆಡ್‌ಮಾಸ್ತರ ವಿರೂಪಾಕ್ಷ ಅವರಿಗೆ ಮಕ್ಕಳು ಹಿಂದಿನಿಂದ ಕೂಗುವ ಹೊಸ ಅಡ್ಡಹೆಸರು ಬಂದಿತ್ತು.

"ಬರದಾವನ ಹೆಸರು ಹೇಳ್ರಿ ಅಂದೆ. ನೀವು ಹೇಳಲಿಲ್ಲ," ಎಂದರು ಮಲಕಾಜಪ್ಪನವರು.

"ನನಗೂ ಗೊತ್ತಿದ್ದಿಲ್ರಿ. ಗೊತ್ತಿದ್ರೂ ಹೇಳತಿದ್ದಿಲ್ಲ. ಹೆಸರು ಹೇಳೂದಿಲ್ಲ ಅನ್ನೂ ಭರೋಸಾದ ಮ್ಯಾಲ ಮಂದಿ ಅಲ್ಲಿ ಬಂದು ಕುಂದರತಾರ."

"ನೀವು ಹೇಳದಿದ್ರ ಏನಾತು, ಹೇಳಾವ್ರು ಹೇಳಿದ್ರು." ಅವರು ಖಾನೆಯಿಂದ ಒಂದು ಲಕೋಟೆ ತೆಗೆದರು. "ಟಪಾಲಿನ್ಯಾಗ ಬಂತು. ಕಳಿಸಿದವರ ಹೆಸರಿಲ್ಲ."

ಶೈಲಜಾ ಬಿಚ್ಚಿ ನೋಡಿದಳು. ಚಾಟಿಯ ಒಂದೊಂದು ಬರಹವೂ ಯಾವ ಲೈನಿನಿಂದ ಬಂದಿತ್ತು ಎಂಬ ಪಟ್ಟಿ. ಎಲ್ಲದರ ಎದುರಿಗೂ ಶಾಲೆಯ ಲೈನಿನ ನಂಬರು. ಈ ಪಟ್ಟಿ ಕಾವಲಿಗೆ ಮಾತ್ರ ಕಾಣುವಂಥದ್ದು. ಇದು ಇಲ್ಲಿಗೆ ಹೇಗೆ ಬಂತು? ಆದರೆ ಗಡಿಯಾರದ ಮುಳ್ಳು ಓಡುತ್ತಿತ್ತು. ಮೊದಲು ಹುಡುಗನನ್ನು ಉಳಿಸಬೇಕು, ಉಳಿದದ್ದು ಆಮೇಲೆ ಎಂದುಕೊಂಡಳು.

"ಸಾಲಿ ಲೈನು ಅಂದ್ರ ಸಾಲಿದಷ್ಟ ಅಲ್ರಿ," ಎಂದ ಸಾಗರ ಮೆಲ್ಲಗೆ. "ಗ್ವಾಡಿ ಮ್ಯಾಲಿಂದ ಸಾವಕಾರ್ರ ಮನಿಗೆ ವಾಯರ್ ಎಳದೇನಿ. ಅವರ ಎಳೀ ಅಂದಿದ್ರು. ಎರಡಕ್ಕೂ ಒಂದ ನಂಬರ್."

ಮಲಕಾಜಪ್ಪನವರು ನಕ್ಕೇಬಿಟ್ಟರು. "ನಮ್ಮ ಮನ್ಯಾಗ ಯಾರಪಾ ಬರೀತಾರ? ಇರಾವ್ರು ನಾವಿಬ್ಬರು. ನನಗ ನೀನ ಬಂದು ಕಂಪ್ಯೂಟರ್ ಹಚ್ಚಿ ಕೊಡತೀ. ಇನ್ನ ಅಕಿ, ಟೀವಿ ರಿಮೋಟ್ ಉಲ್ಟಾ ಹಿಡ್ಯಾಕಿ."

ಶೈಲಜಾ ನಗಲಿಲ್ಲ. "ಅರ್ಧಾ ತಾಸು ಕೊಡ್ರಿ ಸಾವಕಾರ್ರ. ಮುಂಜಾನಿಂದ ಚಾ ಕುಡದಿಲ್ಲ. ಮನಿಗೆ ಹೋಗಿ ಅವ್ವಾರ ಕೈಯಾಗಿಂದ ಒಂದು ವಾಟಿ ಚಾ ಕುಡದು ಬರತೇನಿ. ಅಲ್ಲೀಮಟಾ ಈ ಹಾಳಿ ಹಂಗ ಇರಲಿ."

ಮನೆಯ ಚಹ ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿ ಆ ಸೀಮೆಯಲ್ಲಿಲ್ಲ. ಮಲಕಾಜಪ್ಪನವರು ಹುಬ್ಬು ಗಂಟಿಕ್ಕಿದರೂ ಕೈ ಮಾಡಿ ದಾರಿ ತೋರಿಸಿದರು.

ಹೊರಗೆ ಬೇವಿನ ಮರದ ಕೆಳಗೆ ಸಾಗರನ ಹೆಂಡತಿ ಸ್ನೇಹಲ್ ನಿಂತಿದ್ದಳು. ಕೈಯಲ್ಲಿ ಗಂಡನಿಗೆಂದು ತಂದ ಊಟದ ಡಬ್ಬಿ ಮುಚ್ಚಿದ ಹಾಗೇ ಇತ್ತು. "ಅಕ್ಕಾರ, ನಮ್ಮ ಓಣಿಯಿಂದ ಮಾಸ್ತರ ಆದಾಂವ ಇವರೊಬ್ಬರ ರೀ," ಎಂದಳು. "ಹದಿನೆಂಟ ಮಂದಿ ಮಾಸ್ತರ ಅದಾರ. ಬೆರಳ ತೋರಸಾಕ ಇವರ ಸಿಕ್ಕರ?"

ಶೈಲಜಾ ಅವಳ ಭುಜ ತಟ್ಟಿದಳು. ಮಾತು ಕೊಡುವ ಧೈರ್ಯ ಇನ್ನೂ ಬಂದಿರಲಿಲ್ಲ.

ಬಂದಿದ್ದು ಒಂದು ಅನುಮಾನ ಮಾತ್ರ. ಅದೂ ಬಂದದ್ದು ಜೀಪು ಮುನವಳ್ಳಿ ದಾಟುವಾಗ.

ಕಾವಲಿಯ ಕೆಲಸದಲ್ಲಿ ಅವಳದೊಂದು ಪದ್ಧತಿಯಿತ್ತು. ಕಟ್ಟೆಯ ಮೇಲೆ ಯಾರ ನಿಜ ಹೆಸರೂ ಬರಬಾರದು. ಹಾಗಾಗಿ ಸಂಶಯದ ಬರಹವನ್ನು ಹಾಳೆಗೆ ಇಳಿಸಿಕೊಂಡು, ಮೊದಲು ಹೆಸರುಗಳಿಗೆಲ್ಲ ಕೆಂಪು ಪೆನ್ಸಿಲಿನಿಂದ ಗೀಟು ಎಳೆಯುತ್ತಾಳೆ. ಬೈಗುಳ ಆಮೇಲೆ, ಹೆಸರು ಮೊದಲು. ಇವತ್ತು ಜೀಪಿನಲ್ಲಿ ಅರವತ್ತಮೂರನ್ನೂ ತೊಡೆಯ ಮೇಲೆ ಹರಡಿಕೊಂಡು ಗೀಟು ಎಳೆಯುತ್ತ ಬಂದಳು. ಅನ್ನಪೂರ್ಣಾ, ವಿರೂಪಾಕ್ಷ, ಸಿಪಾಯಿ ಶಂಕರೆಪ್ಪ, ಕಡೆಗೆ ಶಾಲೆಯ ಹಾಲು ಹಾಕುವ ದುಂಡಪ್ಪನನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮರು. ಹಾಳೆಗಳೆಲ್ಲ ಕೆಂಪಾದವು.

ಒಬ್ಬರಿಗೆ ಮಾತ್ರ ಒಂದು ಗೀಟೂ ಬೀಳಲಿಲ್ಲ. ಅಧ್ಯಕ್ಷರಿಗೆ.

ಬೈದಿರಲಿಲ್ಲ ಅಂತಲ್ಲ. ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವರು ಅವರೇ. ಹತ್ತೊಂಬತ್ತು ಸಲ. ಆದರೆ ಒಂದು ಕಡೆ 'ಪಟಕಾದವರು', ಇನ್ನೊಂದು ಕಡೆ 'ದೊಡ್ಡವರು', ಮತ್ತೊಂದು ಕಡೆ ಬರೀ 'ಅವರು'. ಮಲಕಾಜಪ್ಪ ಎಂಬ ಐದಕ್ಷರ ಅರವತ್ತಮೂರರಲ್ಲಿ ಎಲ್ಲೂ ಇಲ್ಲ. ಹೆದರಿಕೆ ಎನ್ನೋಣವೆಂದರೆ, ಹೆದರಿದವರು 'ಮಾತಾಡೂ ಮುಂದ ಮೀಸಿ, ಕೆಲಸದ ಮುಂದ ಬೀಸಣಿಗಿ' ಎಂದು ಬರೆಯುತ್ತಾರೆಯೇ?

ಅಷ್ಟೇ ಆಗಿದ್ದರೆ ಅವಳು ಬಿಟ್ಟುಬಿಡುತ್ತಿದ್ದಳೇನೋ. ಒಂದು ಬರಹದಲ್ಲಿ ಪಾದಯಾತ್ರೆಯ ಮಾತು ಬಂದಿತ್ತು. ಅಲ್ಲಿ 'ಶ್ರೀಶೈಲದ ದ್ಯಾವರು' ಎಂದಿತ್ತು. ಈ ಭಾಗದಲ್ಲಿ ಶ್ರೀಶೈಲದ ದೇವರನ್ನು ಮಲ್ಲಯ್ಯ ಎನ್ನದೆ ಮಾತಾಡುವವರು ಯಾರಿದ್ದಾರೆ? ಆ ಮಲ್ಲಯ್ಯನೇ ಈ ಸೀಮೆಯ ಬಾಯಲ್ಲಿ ಮಲಕಾಜಪ್ಪ, ಆ ದೇವರದೇ ಹೆಸರು ಅಧ್ಯಕ್ಷರದ್ದು. ಮನುಷ್ಯನ ಹೆಸರನ್ನಷ್ಟೇ ಅಲ್ಲ, ಅದೇ ಹೆಸರಿನ ದೇವರನ್ನೂ ಬಾಯಲ್ಲಿ ತರದೆ ದಾಟಿ ಹೋಗುವವರು ಲೋಕದಲ್ಲಿ ಒಬ್ಬರೇ.

ಕಟ್ಟಿಕೊಂಡ ಹೆಂಡತಿ.

ಶೈಲಜಾಗೆ ಇದು ಪುಸ್ತಕ ಓದಿ ಗೊತ್ತಾದದ್ದಲ್ಲ. ರೇಷನ್ ಕಾರ್ಡಿನ ಕಚೇರಿಯಲ್ಲಿ ಗುಮಾಸ್ತ ಗಂಡನ ಹೆಸರೇನು ಎಂದಾಗ, ಪಕ್ಕದಲ್ಲಿ ನಿಂತ ನೆರೆಮನೆಯ ಯಲ್ಲವ್ವನ ಮುಖ ನೋಡಿ, ಅವಳ ಬಾಯಿಂದ ಹೇಳಿಸಿದವಳು ಅವಳೇ. ಗಂಡ ತೀರಿ ಒಂಬತ್ತು ವರ್ಷವಾದರೂ ಇವತ್ತಿಗೂ ಅಷ್ಟೇ. ಬೈಯಬಹುದು, ಮನಸ್ಸಿನಲ್ಲೇ ಗುದ್ದಬಹುದು, ಹೆಸರು ಮಾತ್ರ ಬರುವುದಿಲ್ಲ. ಕತ್ತಲಲ್ಲಿ ಮುಖ ಮುಚ್ಚಿಕೊಂಡು ಊರನ್ನೆಲ್ಲ ಬೈಯುವಾಗಲೂ ಕೈ ಅಲ್ಲಿ ತಾನಾಗಿಯೇ ನಿಂತಿತ್ತು.

ಶಾಲೆಗೂ ಮನೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಸಣ್ಣ ಬಾಗಿಲು. ಬಾಗಿಲ ಮೇಲೆ ಸಾಗರ ಎಳೆದ ಕರಿಯ ವೈರು.

ಅಧ್ಯಕ್ಷರ ಹೆಂಡತಿ ರಾಚವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಲಸಂದಿ ಹಸನು ಮಾಡುತ್ತಿದ್ದಳು. ಐವತ್ತೆರಡರ ಆಚೀಚೆ ವಯಸ್ಸು, ಇಳಕಲ್ ಸೀರೆ, ಹಣೆ ತುಂಬ ವಿಭೂತಿ. ನೋಡಿದರೆ ಇರುವೆಯನ್ನೂ ಬೈಯುವ ಹೆಂಗಸಲ್ಲ. ಮೂಲೆಯಲ್ಲಿ ಕಂಪ್ಯೂಟರಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. ಮೇಜಿನ ಮೇಲೆ ದೂಳು ಕೂತಿತ್ತು, ಕೀಲಿಮಣೆಯ ಮೇಲೆ ಇರಲಿಲ್ಲ.

"ಬರ್ರಿ, ಕುಂದರ್ರಿ. ಯಾವೂರ್ರಿ?"

"ಬೈಲಹೊಂಗಲ ರೀ ಅವ್ವಾರ. ಟೈಪಿಂಗ್ ಕ್ಲಾಸ್ ಐತಿ ನಂದು."

ಅಲಸಂದಿಯಲ್ಲಿ ಆಡುತ್ತಿದ್ದ ಬೆರಳು ನಿಂತಿತು. "ಬಜಾರದಾಗ ಮಾಳಗಿ ಮ್ಯಾಲ ಒಂದಿತ್ತಲ್ರಿ?"

"ಅದು ಮುಚ್ಚಿ ಭಾಳ ವರ್ಷ ಆತ್ರಿ. ನಿಮಗ ಹೆಂಗ ಗೊತ್ತು?"

"ನಮ್ಮ ತವರಮನಿ ಸಂಗೊಳ್ಳಿ. ಮೆಟ್ರಿಕ್ ಆದ ಮ್ಯಾಲ ದಿನಾ ಬಸ್ಸಿಗೆ ಬರ್ತಿದ್ದೆ. ಎಂಟು ತಿಂಗಳಾ ಕಲ್ತೆ." ಅವಳು ನಕ್ಕಳು. "ಒಂಬತ್ತನೇ ತಿಂಗಳಿಗೆ ಮದುವಿ ಆತು."

ಚಹ ಬಂತು. ಶೈಲಜಾ ಒಂದು ಗುಟುಕು ಕುಡಿದು, ಚೀಲದಿಂದ ಒಂದು ಹಾಳೆ ತೆಗೆದಳು. ಹೊರಗೆ ಬೀಳದೆ ತಾನೇ ತಡೆದಿದ್ದ ಐವತ್ತೊಂದರಲ್ಲಿ ಒಂದು. ಬರೆದವರನ್ನು, ತನ್ನನ್ನು ಬಿಟ್ಟರೆ ಅದನ್ನು ಇನ್ನಾರೂ ಓದಿರುವ ಸಾಧ್ಯತೆ ಇರಲಿಲ್ಲ.

"ಒಂದು ಓದತೇನಿ, ಕೇಳ್ರಿ. 'ವಿರೂಪಾಕ್ಷ ಮಾಸ್ತರ ಭಾಷಣ ಅಂದ್ರ ತೂತು ಬಿದ್ದ ಕೊಡಾ. ತಾಸಗಟ್ಟಲೆ ಸುರಿತೈತಿ...'" ಅಲ್ಲಿಗೆ ನಿಲ್ಲಿಸಿದಳು. "ಏನ್ ಚಂದ ಬರದಾರ್ರಿ. ಬೈಗುಳ ಬಿಟ್ರ ಈ ಕೈಗೆ ಬರವಣಗಿ ಐತಿ. ಮುಂದಿಂದು ಅಳಿಸಿ ಹೋಗೇತಿ ನೋಡ್ರಿ, ಓದಾಕ ಬರವಲ್ದು."

"'ನೆಲಾ ಮಾತ್ರ ಹಸೀ ಆಗೂದಿಲ್ಲ,'" ಎಂದಳು ರಾಚವ್ವ.

ಹೇಳಿಯಾದ ಮೇಲೆ ಅವಳಿಗೇ ತಿಳಿಯಿತು. ಮೊರ ಮಗುಚಿ ಅಲಸಂದಿ ನೆಲದ ತುಂಬ ಉರುಳಿತು. ಇಬ್ಬರೂ ಅದನ್ನು ಎತ್ತಲು ಹೋಗಲಿಲ್ಲ.

"ನೀವು ಕಾವಲಿಯವರೇನ್ರಿ?" ಎಂದು ರಾಚವ್ವ ಪಿಸುಗುಟ್ಟಿದಳು. ಹೆದರಿಕೆಯ ಮುಖವಲ್ಲ ಅದು, ಬಹಳ ದಿನದ ಮೇಲೆ ಗುರುತಿನವರು ಸಿಕ್ಕ ಮುಖ. "ನೀವು ಎಲ್ಲಾ ಓದತೀರಿ ಅಂತ ಗೊತ್ತಿತ್ರಿ ನನಗ."

"ಓದೇನ್ರಿ. ಒಂದೂ ಬಿಟ್ಟಿಲ್ಲ." ಶೈಲಜಾ ಅವಳ ಕೈ ಹಿಡಿದಳು. "ಯಾಕ ಬರದ್ರಿ ಅವ್ವಾರ?"

ಹೋದ ವರ್ಷ ಶಾಲೆಯ ಸ್ನೇಹಸಮ್ಮೇಳನದಲ್ಲಿ ಅಧ್ಯಕ್ಷರ ಹೆಂಡತಿ ಎಂದು ದೀಪ ಹಚ್ಚಲು ಕರೆದರಂತೆ. ಎರಡು ಮಾತಾಡಿ ಎಂದು ಯಾರೋ ಮೈಕು ಕೊಟ್ಟರಂತೆ. ಅವಳು ಬರೆದುಕೊಂಡು ಹೋಗಿದ್ದಳು, ಮೂರು ಪುಟ. ಮೈಕು ಕಿರ್ರೆಂದಿತು, ಹಾಳೆ ಕೈಜಾರಿ ಕೆಳಗೆ ಬಿತ್ತು. ಸಾಲಾಗಿ ಕೂತ ಮಾಸ್ತರರು ನಕ್ಕರು. ಅನ್ನಪೂರ್ಣಾ ಟೀಚರೂ ಸೆರಗು ಬಾಯಿಗೆ ಹಿಡಿದಿದ್ದು ಕಂಡಿತು. ಗಂಡ ಮೈಕು ಕಿತ್ತುಕೊಂಡು, "ನಮ್ಮಾಕಿಗಿ ಓದಾಕ ಬರೂದಿಲ್ಲ, ತಪ್ಪು ತಿಳೀಬ್ಯಾಡ್ರಿ" ಎಂದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಅವತ್ತಿನಿಂದ ಎದಿಯಾಗ ಒಂದು ಕೆಂಡಾ ಕುಂತಿತ್ರಿ. ಸಾಗರ ಕಂಪ್ಯೂಟರ್ ಹಚ್ಚೂದು ನೋಡಿ ಕಲ್ತಿದ್ದೆ, ಬರದರ ಆರತೈತಿ ಅಂತ ತಿಳದೆ. ಆರಲಿಲ್ಲ."

"ಅನ್ನಪೂರ್ಣಾ ಟೀಚರ್ ಹದಿನೈದು ದಿನದಿಂದ ಹೊರಗ ಬಂದಿಲ್ರಿ," ಎಂದಳು ಶೈಲಜಾ. ಮರುಕ ಬಂದಿತ್ತು ನಿಜ, ಹಾಗೆಂದು ಲೆಕ್ಕ ಬಿಟ್ಟುಕೊಡುವ ಹೆಣ್ಣಲ್ಲ ಅವಳು. "ಅಕಿ ನಕ್ಕಿದ್ದು ಒಂದು ಗಳಿಗಿ. ನೀವು ಬರದಿದ್ದು ಅಕಿ ಇಡೀ ಬಾಳೆ ಕೆಡಿಸ್ತು."

ರಾಚವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳು, ಚೆನ್ನಾಗಿ ಅತ್ತಳು. ಆಮೇಲೆ ಉಸಿರು ಬಿಟ್ಟು, "ಹಿಡದ್ರಿ, ಚಲೋ ಆತು," ಎಂದಳು. "ಯಾರರೆ ಬಂದು ನನ್ನ ಕೈ ಹಿಡೀರಿ ಅಂತ ದಿನಾ ದೇವರ ಮುಂದ ದೀಪಾ ಹಚ್ಚತಿದ್ದೆ. ಈಗ ನೋಡ್ರಿ, ಎದಿ ಹಗರಾತು."

"ನಾ ನಿಮ್ಮನ್ನ ಹಿಡ್ಯಾಕ ಬಂದಿಲ್ರಿ. ನಿಮ್ಮ ಹೆಸರು ನನ್ನ ಬಾಯಿಂದ ಹೊರಗ ಬರೂದಿಲ್ಲ, ಅದು ನಮ್ಮ ಕಟ್ಟಿ ನೇಮ. ಆದರ ಅಲ್ಲಿ ಆ ಹುಡುಗ ಸಹಿ ಮಾಡಾಕ ಕುಂತಾನ."

"ಯಾವ ಹುಡುಗ?"

ಶೈಲಜಾ ಬೆರಗಾದಳು. ರಾಚವ್ವನಿಗೆ ಗೊತ್ತೇ ಇರಲಿಲ್ಲ. ಶಾಲೆಯ ಯಾವ ಮಾತನ್ನೂ ಗಂಡ ಮನೆಗೆ ತರುವುದಿಲ್ಲ. ಸಾಗರನ ಹೆಸರು ಹೇಳಿದ್ದೇ ತಡ, ರಾಚವ್ವ ಎದ್ದು ನಿಂತಳು.

"ನಮ್ಮ ಸಾಗರನ್ನ? ಎವ್ವಾ, ವಾಯರ್ ಎಳದ ದಿನಾ ಇಲ್ಲೇ ಕುಂತು ರೊಟ್ಟಿ ತಿಂದ ಹೋಗ್ಯಾನವ. ನಡೀರಿ!"

ತಲೆಯ ಮೇಲೆ ಸೆರಗು ಎಳೆದುಕೊಂಡು, ಅಲಸಂದಿ ತುಳಿಯುತ್ತಲೇ ಹೊರಟಳು. ಗೋಡೆಯ ಬಾಗಿಲು ದಾಟಿ, ಬೇವಿನ ಮರ ದಾಟಿ, ಮದುವೆಯಾಗಿ ಮೂವತ್ತಮೂರು ವರ್ಷದಲ್ಲಿ ಒಮ್ಮೆಯೂ ಕಾಲಿಡದ ಆಫೀಸಿನೊಳಗೆ ಹೋಗಿ ನಿಂತಳು.

"ಏನ್ರಿ, ಆ ಕಾಗದಾ ಹರೀರಿ," ಎಂದಳು.

ಮಲಕಾಜಪ್ಪನವರು ಎದ್ದರು. "ನೀ ಯಾಕ ಬಂದಿ ಇಲ್ಲಿ?"

"ಆ ಹುಡುಗ ಬರದಿಲ್ಲ. ಬರದಾಕಿ ನಾನು."

ಅವರು ಮೊದಲು ನಕ್ಕರು. ಆಮೇಲೆ ಹೆಂಡತಿಯ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕೂತರು.

"ನಿನಗ... ಬರಿಯಾಕ ಬರತೈತಿ?"

"ಮದುವಿಕಿಂತ ಮೊದಲ ಕಲ್ತೇನಿ. ನೀವು ಕೇಳಲಿಲ್ಲ."

ಅಧ್ಯಕ್ಷರು, ಅಧ್ಯಕ್ಷರ ದನಿಯಲ್ಲದ ಒಂದು ದನಿಯಲ್ಲಿ, "ನನಗೂ ಬೈದೀಯೇನು?" ಎಂದರು.

"ಎಲ್ಲಾರಕಿಂತ ಜಾಸ್ತಿ."

ಅವರು ಶೈಲಜಾಳ ಕಡೆ ತಿರುಗಿದರು. ಇಲ್ಲ ಎಂದಾಳೆಂಬ ಆಸೆ ಇತ್ತೇನೋ. ರಾಚವ್ವನೇ ಒಪ್ಪಿಕೊಂಡ ಮೇಲೆ ಮುಚ್ಚಿಡುವುದೇನಿದೆ? "ಹತ್ತೊಂಬತ್ತ ಸಲಾ ರೀ," ಎಂದಳು ಶೈಲಜಾ.

ಸಾಗರನಿಗೆ ನಗು ತಡೆಯಲಾಗಲಿಲ್ಲ. ಆ ನಗುವೇ ಕೊನೆಗೆ ಅಳುವಾಯಿತು. ಮೇಜಿಗೆ ತಲೆ ಆನಿಸಿ ಬಿಕ್ಕಿದ. ಮಲಕಾಜಪ್ಪನವರು ರಾಜೀನಾಮೆಯ ಹಾಳೆಯನ್ನು ಎರಡಾಗಿ ಹರಿದರು, ನಾಲ್ಕಾಗಿ ಹರಿದರು.

"ತಪ್ಪಾತಪಾ ಸಾಗರ," ಎಂದರು. "ಹಿಂದ ಮುಂದ ನೋಡಲಿಲ್ಲ. ನಿನ್ನ ಮ್ಯಾಲ ಹಾಕೂದು ಸಸಾರ ಇತ್ತು, ಹಾಕಿದೆ. ನಾಳಿ ಪ್ರಾರ್ಥನಾ ಟೈಮಿಗೆ ಎಲ್ಲಾರ ಮುಂದ ಹೇಳತೇನಿ."

"ಹೇಳ್ರಿ ಸರ," ಎಂದ ಸಾಗರ, ಕಣ್ಣೊರೆಸಿಕೊಳ್ಳುತ್ತ. "ನನ್ನ ಸಲುವಾಗಿ ಅಲ್ಲ. ನಮ್ಮ ಓಣಿ ಹುಡುಗೂರು ಕೇಳಲಿ."

ಬಾಗಿಲಲ್ಲಿ ಸ್ನೇಹಲ್ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದು, ಯಾರ ಅಪ್ಪಣೆಯನ್ನೂ ಕೇಳದೆ, ಅಧ್ಯಕ್ಷರ ಮೇಜಿನ ಮೇಲೆಯೇ ಡಬ್ಬಿ ಬಿಚ್ಚಿ ಗಂಡನ ಮುಂದೆ ಇಟ್ಟಳು. "ಉಣ್ರಿ ಮೊದಲ," ಎಂದಳು. ಅವನು ಉಂಡ.

ಶೈಲಜಾಗೆ ಆ ಹೊತ್ತಿನಲ್ಲಿ ಆದ ಸಮಾಧಾನ ಹೇಳತೀರದು. ಸುಗ್ಗಿ ಮುಗಿಸಿ ಮನೆಗೆ ಬಂದು ಕಾಲು ಚಾಚಿ ಕೂತ ಹಾಗಿತ್ತು. ರಾಚವ್ವ ಸಂಜೆಗೆ ಅನ್ನಪೂರ್ಣಾ ಟೀಚರ ಮನೆಗೆ ಹೋಗಿ ಕಾಲು ಹಿಡಿಯುತ್ತೇನೆ ಎಂದಳು. ಮಲಕಾಜಪ್ಪನವರು, "ನಾನೂ ಬರತೇನಿ," ಎಂದರು. ಹೆಂಡತಿ ಅವರನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು.

ಇಲ್ಲಿಗೆ ಎಲ್ಲ ಮುಗಿದಿದ್ದರೆ ಎಷ್ಟು ಚೆಂದವಿತ್ತು!

"ಒಂದ ಮಾತು ಬಾಯಾರ," ಎಂದಳು ರಾಚವ್ವ, ಹೊರಡುವ ಮುನ್ನ ಶೈಲಜಾಳ ಕಡೆ ತಿರುಗಿ. "ತಪ್ಪು ನಂದ, ಖರೆ. ಆದರ ಮೊದಲಿನ ಎರಡು ಬರದಾಗ ನಾ ಯಾರ ಹೆಸರೂ ಹಾಕಿದ್ದಿಲ್ಲ. ಹೆಸರು ಹಾಕಿ ಬರೀರಿ ಅಂದವರು ನೀವ ಅಲ್ರಿ?"

"ನಾನು?"

"ಮತ್ತ ಪತ್ರಾ ಬರದಿದ್ರೆಲ್ಲ?"

ಸಾಗರನ ಕಂಪ್ಯೂಟರು ಅಲ್ಲೇ ಪಕ್ಕದ ಮೇಜಿನ ಮೇಲಿತ್ತು. ರಾಚವ್ವ ಕೂತಳು. ಹತ್ತೂ ಬೆರಳು ಕೀಲಿಗಳನ್ನು ನೋಡದೆ ಓಡಿದವು. ಅವಳ ಗಂಡ ಬಾಯಿ ತೆರೆದವರು ಮುಚ್ಚಲಿಲ್ಲ. ಚಾಟಿಯ ಹೆಸರಿಗೆ ಬಂದ ಖಾಸಗಿ ಪತ್ರಗಳು ತೆರೆದುಕೊಂಡವು. ಒಟ್ಟು ಒಂಬತ್ತು. ಎಲ್ಲದರ ಮೇಲೂ ಕಳಿಸಿದವರ ಹೆಸರು 'ಕಾವಲಿ'.

ಶೈಲಜಾ ಕನ್ನಡಕ ಸರಿಮಾಡಿಕೊಂಡು ಮೊದಲನೆಯದನ್ನು ಓದಿದಳು. 'ಚಂದ ಬರೀತೀರಿ. ಹೆಸರು ಹಾಕಿ ಬರದರ ಇನ್ನೂ ಚಂದ. ಹೆದರಬ್ಯಾಡ್ರಿ, ನಾ ಹೊರಗ ಬಿಡತೇನಿ.' ತಾರೀಕು ನೋಡಿದಳು. ಫೆಬ್ರುವರಿ ಹನ್ನೆರಡು. ಅವತ್ತು ಅವಳು ಕಿತ್ತೂರಿನಲ್ಲಿ ಮೊಮ್ಮಗನಿಗೆ ಎಣ್ಣೆ ಹಚ್ಚುತ್ತಿದ್ದಳು.

ಆಮೇಲಿನವು ಮಾರ್ಚಿನವು. 'ಈಗ ತೋರಿಕೆಗೆ ತಡೀತೇನಿ, ನೀವು ನಿಲ್ಲಸಬ್ಯಾಡ್ರಿ. ನಾ ಎಲ್ಲಾ ಓದತೇನಿ.' ಪಾಪದ ಹೆಂಗಸು ಅದಕ್ಕೇ ಬರೆಯುತ್ತಲೇ ಹೋಗಿದ್ದಳು.

ಒಂಬತ್ತನೆಯದನ್ನು ರಾಚವ್ವ ಇನ್ನೂ ತೆರೆದಿರಲಿಲ್ಲ. ಈಗ ತೆರೆದಳು. 'ಇವತ್ತ ಸಂಜಿಗೆ ಸಾಗರನ ಕಥಿ ಮುಗೀತೈತಿ. ಪಟ್ಟಿ ಕಳಿಸಿದ್ದು ಕೆಲಸ ಮಾಡೇತಿ. ನೀವು ಬಾಯಿ ಬಿಡಬ್ಯಾಡ್ರಿ.' ಕಳಿಸಿದ್ದು ಇವತ್ತೇ, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ.

ಒಂಬತ್ತಕ್ಕೆ ಶೈಲಜಾ ಸೀರೆ ಉಡಲು ಮಾಳಿಗೆಗೆ ಹೋಗಿದ್ದಳು. ಕೆಳಗೆ ಅವಳ ಕಂಪ್ಯೂಟರಿನ ಮುಂದೆ ಒಬ್ಬ ಕೂತಿದ್ದ. ಕ್ರಿಕೆಟ್ ಸ್ಕೋರು ನೋಡತೇನಿ ಅಕ್ಕಾ ಎಂದಿದ್ದ.

ಒಡಹುಟ್ಟಿದ ತಮ್ಮ. ಅವ್ವ ಸತ್ತಾಗ ಅವನಿಗೆ ಆರು ವರ್ಷ. ಇವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಸಾಗರನನ್ನು ಕಂಡರೆ ಅವನಿಗೇನು ಸಿಟ್ಟು? ಹಿಂದೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಟೈಪಿಂಗ್ ಕಲಿತವರಲ್ಲವೇ? ಸಾಗರ ಮಾಸ್ತರನಾದ, ಇವನು ಜೀಪಿನಲ್ಲೇ ಉಳಿದ, ಅದಕ್ಕೇನು?

"ಬೇಲಿನ ಎದ್ದು ಹೊಲಾ ಮೇದಂಗ ಆತಲ್ರಿ ಇದು," ಎಂದರು ಮಲಕಾಜಪ್ಪನವರು, ತೆರೆಯ ಮೇಲಿನ ಅಕ್ಷರಗಳನ್ನು ಓದಿ ಮುಗಿಸಿ. ಮುಖ ಕೆಂಪಾಗಿತ್ತು. "ನೀವಲ್ಲ, ಅದು ನಿಮ್ಮ ಮಾರಿ ನೋಡಿದ್ರ ಗೊತ್ತಾಗತೈತಿ. ನಿಮ್ಮ ಪಾಸ್‌ವರ್ಡ್ ಮತ್ತ ಯಾರ ಕಡೆ ಐತಿ?"

ಶೈಲಜಾ ಕನ್ನಡಕ ತೆಗೆದು ಮಡಚಿದಳು. ಕಟ್ಟೆಯ ನೇಮ ಕಟ್ಟೆಯ ಮೇಲೆ ಕೂತವರಿಗೆ. ಕಾವಲು ಮುರಿದವನಿಗೆ ಅದರ ನೆರಳಿಲ್ಲ. ಅದು ಅವಳಿಗೆ ಗೊತ್ತಿತ್ತು.

"ಹೇಳ್ರಿ ಅಕ್ಕಾರ," ಎಂದಳು ಸ್ನೇಹಲ್. ಅವಳ ಗಂಡನ ಕೈಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. "ನಮ್ಮ ಬದುಕು ಕೆಡಸಾಕ ಹೊಂಟಾವ್ರು ಯಾರು?"

ಅಧ್ಯಕ್ಷರು ಖಾನೆ ಎಳೆದು, ಪೊಲೀಸರಿಗೆಂದು ಬರೆದಿಟ್ಟ ಎರಡನೆಯ ಕಾಗದ ತೆಗೆದರು. ಸಾಗರನ ಹೆಸರಿನ ಮೇಲೆ ಗೀಟು ಹೊಡೆದರು. ಅದರ ಮುಂದಿನ ಜಾಗದಲ್ಲಿ ಪೆನ್ನು ಊರಿ ಕಾದರು.

ಅಷ್ಟರಲ್ಲಿ ಅಂಗಳದಿಂದ ಚಪ್ಪಲಿಯ ಸದ್ದು ಬಂತು. ಕಲ್ಮೇಶ ಬಾಗಿಲಿಗೆ ಬಂದು ಒರಗಿ ನಿಂತ. ಕೊರಳಲ್ಲಿ ಟವೆಲು, ಮುಖದಲ್ಲಿ ಸಣ್ಣವನಿದ್ದಾಗಿನ ಅದೇ ನಗು.

"ಅಕ್ಕಾ, ಮುಗೀತೇನ? ಹೊತ್ತಾತು, ನಡಿ ಮನಿಗೆ ಹೋಗೂಣು," ಎಂದ.

"ಹೆಸರು ಹೇಳ್ರಿ ಬಾಯಾರ," ಎಂದರು ಮಲಕಾಜಪ್ಪನವರು.